ಲಿಂಗಸುಗೂರಿನ ಮೇಲೆ ಹಿಮ ಬಿದ್ದಿತ್ತೇ? ಇಲಿಯ ಎಲುಬನ್ನೂ ಬಿಡದೆ ಕೂಡಿಟ್ಟ ಬ್ರೂಸ್ ಫೂಟ್ ಕಥೆ

ಹಿಮಯುಗದ ಬಗ್ಗೆ ಮೊಬೈಲಿನಿಂದ ಮೊಬೈಲಿಗೆ ಓಡಾಡುವ ಸಂದೇಶಗಳಲ್ಲಿ ಎರಡು ಮಾತು ಪದೇ ಪದೇ ಬರುತ್ತವೆ. ಮೊದಲನೆಯದು: ಇಪ್ಪತ್ತು ಸಾವಿರ ವರ್ಷದ ಹಿಂದೆ ಇಡೀ ಭೂಮಿ ಮಂಜುಗಡ್ಡೆಯಾಗಿತ್ತು, ನಮ್ಮ ಗುಡ್ಡಗಳ ಮೇಲೆ ಒಂದರ ಮೇಲೊಂದು ಕೂತಿರುವ ದುಂಡು ಬಂಡೆಗಳನ್ನು ಆ ಹಿಮವೇ ಹೊತ್ತು ತಂದು ಇಟ್ಟಿತು. ಎರಡನೆಯದು: ಹವಾಮಾನ ಹಿಂದೆಯೂ ಬದಲಾಗಿತ್ತು, ಆಗ ಪ್ರಾಣಿಗಳು ಉಳಿದುಕೊಂಡವು, ಆದ್ದರಿಂದ ಈಗಿನ ಬಿಸಿಲಿಗೂ ಚಿಂತೆ ಬೇಡ. ಮೊದಲನೆಯದು ಪೂರ್ತಿ ಸುಳ್ಳು. ಎರಡನೆಯದು ಅರ್ಧ ನಿಜ. ಅರ್ಧ ನಿಜ ಇರುವ ಸಂದೇಶವನ್ನು ಜನ ಬೇಗ ನಂಬುತ್ತಾರೆ, ಹಾಗಾಗಿ ಅದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯಬೇಕಾಗಿದೆ.

ಬಂಡೆಗಳ ವಿಷಯ ಮೊದಲು ಮುಗಿಸೋಣ. ಮಸ್ಕಿ, ಮುದಗಲ್, ಲಿಂಗಸುಗೂರು ಸುತ್ತ ಕಾಣುವ ದುಂಡು ಕಲ್ಲುಗಳು ಎಲ್ಲಿಂದಲೂ ಬಂದವಲ್ಲ, ಅಲ್ಲೇ ಹುಟ್ಟಿ ಅಲ್ಲೇ ಕೂತವು. ಸುಮಾರು 250 ಕೋಟಿ ವರ್ಷದಷ್ಟು ಹಳೆಯ ಈ ಗ್ರಾನೈಟ್‌ನಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕುಗಳಿವೆ. ಬಿರುಕಿನೊಳಗೆ ಮಳೆನೀರು ಇಳಿದು ಕಲ್ಲು ಕೊಳೆಯುತ್ತದೆ. ಚೌಕದ ಮೂಲೆಗಳಿಗೆ ಮೂರು ಕಡೆಯಿಂದ ನೀರು ತಾಗುವುದರಿಂದ ಅವು ಮೊದಲು ಸವೆಯುತ್ತವೆ, ಒಳಗೆ ದುಂಡಗಿನ ಗಟ್ಟಿ ತಿರುಳು ಉಳಿಯುತ್ತದೆ. ಸುತ್ತಲಿನ ಮಣ್ಣು ಕೊಚ್ಚಿ ಹೋದ ಮೇಲೆ ಉಳಿದದ್ದೇ ನಾವು ಫೋಟೊ ತೆಗೆಯುವ ಬಂಡೆ. ಹಿಮನದಿಗೂ ಇದಕ್ಕೂ ಸಂಬಂಧವಿಲ್ಲ.

ಈ ಬಂಡೆಗಳ ನಡುವೆ ಓಡಾಡಿ, ಇವುಗಳ ನಕ್ಷೆ ಬರೆದು, ಇಲ್ಲಿನ ಹಳೆಯ ಪ್ರಾಣಿಗಳ ಎಲುಬಿಗೂ ಕೈಹಾಕಿದವರು ರಾಬರ್ಟ್ ಬ್ರೂಸ್ ಫೂಟ್. ಭಾರತದ ಪ್ರಾಗಿತಿಹಾಸದ ಪಿತಾಮಹ ಎಂದು ಪಠ್ಯಪುಸ್ತಕಗಳಲ್ಲಿ ಹೆಸರಿರುವವರು. ಕೈಕೊಡಲಿ ಹುಡುಕಿದವರು ಎಂಬ ಒಂದು ಸಾಲಿಗೆ ಅವರ ಕಥೆ ಸಾಮಾನ್ಯವಾಗಿ ಮುಗಿದುಹೋಗುತ್ತದೆ. ನಮಗೆ ಇಲ್ಲಿ ಬೇಕಾಗಿರುವುದು ಅವರ ಇಲಿ, ಬಾವಲಿ, ಮೊಲಗಳ ಕಥೆ.

ಎಡೆದೊರೆ ನಾಡಿನಲ್ಲಿ

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರಲ್ಲಿ, 24ನೇ ವಯಸ್ಸಿಗೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ಸೇರಿದರು. ಮದ್ರಾಸ್ ಪ್ರಾಂತ, ಅದಕ್ಕೆ ಹೊಂದಿಕೊಂಡ ಹೈದರಾಬಾದ್ ಮತ್ತು ಮುಂಬಯಿ ಕಡೆಯ ಕನ್ನಡ ಸೀಮೆ ಅವರ ಪಾಲಿಗೆ ಬಂತು. ಯಾವ ಕಲ್ಲು ಎಲ್ಲಿಂದ ಎಲ್ಲಿಯವರೆಗಿದೆ, ಅದರಲ್ಲಿ ಸರ್ಕಾರಕ್ಕೆ ದುಡ್ಡು ತರುವ ಖನಿಜ ಏನಿದೆ ಎಂದು ನೋಡಿ ನಕ್ಷೆ ಬರೆಯುವುದು ಕೆಲಸ. ಮಳೆಗಾಲ ಮುಗಿದ ಮೇಲೆ ಡೇರೆ ಕಟ್ಟಿಕೊಂಡು ಊರೂರು ಅಲೆಯಬೇಕು.

1863ರ ಮೇ 30ರಂದು ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಅವರ ಕಣ್ಣಿಗೆ ಒಂದು ಕಲ್ಲು ಬಿತ್ತು. ಅದು ತಾನಾಗಿ ಒಡೆದ ಕಲ್ಲಲ್ಲ, ಮನುಷ್ಯ ಕೆತ್ತಿದ ಆಯುಧ ಎಂದು ಅವರಿಗೆ ಹೊಳೆಯಿತು. ಯುರೋಪಿನ ವಿದ್ವಾಂಸರು ಅಂಥ ಕಲ್ಲುಗಳನ್ನು ಅತಿ ಪ್ರಾಚೀನ ಮನುಷ್ಯನ ಕೈಕೆಲಸ ಎಂದು ಒಪ್ಪಿ ಆಗಿನ್ನೂ ನಾಲ್ಕೇ ವರ್ಷವಾಗಿತ್ತು. ಅದೇ ವರ್ಷ ಸಹೋದ್ಯೋಗಿ ವಿಲಿಯಂ ಕಿಂಗ್ ಜೊತೆ ಅತ್ತಿರಂಪಾಕ್ಕಂನಲ್ಲಿ ಇನ್ನಷ್ಟು ಸಿಕ್ಕವು. ಆಗ ಅವರ ವಯಸ್ಸು 28.

ಮುಂದೆ ಬೆಳಗಾವಿ, ಬಾಗಲಕೋಟೆ ಸೀಮೆಯ ಸರದಿ. ಮಲಪ್ರಭಾ, ಘಟಪ್ರಭಾ ಕೊಳ್ಳಗಳಲ್ಲಿ ಕಲ್ಲಿನ ಆಯುಧಗಳು ಸಿಕ್ಕವು. ಗೋಕಾಕ ತಾಲ್ಲೂಕಿನಲ್ಲಿ ಇನ್ನೊಂದು ಅಚ್ಚರಿ ಕಾದಿತ್ತು: ಘೇಂಡಾಮೃಗದ ಎಲುಬುಗಳು. ಇವತ್ತು ಘೇಂಡಾಮೃಗ ನೋಡಬೇಕೆಂದರೆ ಅಸ್ಸಾಮಿಗೆ ಹೋಗಬೇಕು, ಇಲ್ಲವೇ ಮೃಗಾಲಯಕ್ಕೆ. ಜೋಳ ಬೆಳೆಯುವ ಒಣ ಸೀಮೆಯಲ್ಲಿ ಒಂದು ಕಾಲಕ್ಕೆ ಅದು ಮೇಯುತ್ತಿತ್ತು ಎಂದರೆ ಈ ನೆಲದ ನೀರು, ಹುಲ್ಲು, ಮರ ಎಲ್ಲವೂ ಬೇರೆಯೇ ಇದ್ದವು ಎಂದರ್ಥ. 1874ರಲ್ಲಿ ಫೂಟ್ ಅದನ್ನು ವಿವರಿಸಿ, ದಖ್ಖನ್ನಿನ ಹೆಸರನ್ನೇ ಅದಕ್ಕೆ ಇಟ್ಟರು. ಹವಾಮಾನ ಹೇಗಿತ್ತು ಎಂದು ಹೇಳಲು ಕಲ್ಲು ಮಾತ್ರ ಸಾಲದು, ಎಲುಬೂ ಬೇಕು ಎನ್ನುವುದಕ್ಕೆ ಈ ಘೇಂಡಾಮೃಗಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಕೃಷ್ಣಾ, ತುಂಗಭದ್ರಾ ನಡುವಿನ ನಮ್ಮ ಎಡೆದೊರೆ ನಾಡಿಗೂ ಅವರು ಬಂದರು. ಆಗ ಲಿಂಗಸುಗೂರು ತಾಲ್ಲೂಕಲ್ಲ, ನಿಜಾಮರ ಆಡಳಿತದ ಒಂದು ಜಿಲ್ಲೆಯ ಹೆಸರು. ಆ ಜಿಲ್ಲೆಯನ್ನು ರದ್ದು ಮಾಡಿದ್ದು 1905ರಲ್ಲಿ. ಹಟ್ಟಿಯ ಸುತ್ತ ಪ್ರಾಚೀನರು ಚಿನ್ನಕ್ಕಾಗಿ ತೋಡಿದ ಗುಂಡಿಗಳು, ಮಸ್ಕಿಯ ಗುಡ್ಡದ ಬುಡದಲ್ಲಿ ಹಳೆಯ ಮಡಕೆ ಚೂರುಗಳು. ಮಸ್ಕಿಗೆ ಅವರು 1870ರಲ್ಲಿ ಒಮ್ಮೆ, 1888ರಲ್ಲಿ ಮತ್ತೊಮ್ಮೆ ಬಂದದ್ದು ದಾಖಲಾಗಿದೆ. ಚಿನ್ನ ಇರುವ ಈ ಕಪ್ಪು ಹಸಿರು ಕಲ್ಲಿನ ಪಟ್ಟಿ ಧಾರವಾಡದ ಕಡೆಯ ಕಲ್ಲಿನ ಜಾತಿಯದ್ದೇ ಎಂದು ಗುರುತಿಸಿ, ಅದಕ್ಕೆ ಧಾರವಾಡ ಶಿಲಾವ್ಯೂಹ ಎಂದು ಹೆಸರಿಟ್ಟವರೂ ಅವರೇ. ಭೂವಿಜ್ಞಾನ ಓದಿದ ಯಾರನ್ನು ಕೇಳಿದರೂ ಆ ಹೆಸರು ಹೇಳುತ್ತಾರೆ.

ನಮ್ಮಂಥ ಜಾಲತಾಣದವರಿಗೆ ಫೂಟ್ ಇಷ್ಟವಾಗಲು ಇನ್ನೊಂದು ಕಾರಣವಿದೆ. ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಬೂದಿದಿಬ್ಬಗಳಿವೆ. ಹಂಪಿಯ ಹತ್ತಿರ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆಯ ಬೂದಿ ಎನ್ನುತ್ತಾರೆ. ಕಾಲಕಾಲಕ್ಕೆ ಇವನ್ನು ಜ್ವಾಲಾಮುಖಿ ಎಂದವರೂ ಇದ್ದರು, ಹಳೆಯ ಲೋಹದ ಕುಲುಮೆ ಎಂದವರೂ ಇದ್ದರು. ಫೂಟ್ ದಿಬ್ಬಗಳನ್ನು ಕೆದಕಿ ನೋಡಿ, ಇದು ದನ ಸಾಕಿದವರು ರಾಶಿ ಹಾಕಿ ಸುಟ್ಟ ಸಗಣಿ ಎಂಬ ತೀರ್ಮಾನಕ್ಕೆ ಬಂದರು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಅಗೆದಿದ್ದ ರೇಮಂಡ್ ಆಲ್ಚಿನ್ 1957ರಲ್ಲಿ ಕೃಷ್ಣೆಯ ಆಚೆಗಿನ ಉಟ್ನೂರಿನಲ್ಲಿ ಒಂದು ದಿಬ್ಬ ಅಗೆದಾಗ, ಬೂದಿಯ ನಡುವೆ ದನದ ಗೊರಸಿನ ಗುರುತುಗಳೇ ಸಿಕ್ಕವು.

ಬಿಲ್ಲ ಸುರ್ಗಂ

ಈಗ ತುಂಗಭದ್ರೆ ದಾಟಿ ಕರ್ನೂಲು ಸೀಮೆಗೆ ಹೋಗಬೇಕು. ಬೇತಂಚೆರ್ಲ ಎಂಬ ಊರಿನ ಹತ್ತಿರ ಸುಣ್ಣಕಲ್ಲಿನ ಗವಿಗಳಿವೆ. ಹೆಸರು ಬಿಲ್ಲ ಸುರ್ಗಂ. ಕೇಳಿದರೆ ನಮಗೆ ಬಿಲ, ಸುರಂಗ ಎರಡೂ ನೆನಪಾಗುತ್ತವೆ. ಅಲ್ಲಿ ಹಳೆಯ ಎಲುಬುಗಳಿವೆ ಎಂದು ಕ್ಯಾಪ್ಟನ್ ನ್ಯೂಬೋಲ್ಡ್ ಎಂಬ ಸೇನಾಧಿಕಾರಿ 1844ರಲ್ಲೇ ಬರೆದಿದ್ದರು. ನಲವತ್ತು ವರ್ಷ ಯಾರೂ ಅತ್ತ ತಲೆ ಹಾಕಲಿಲ್ಲ. 1883ರಲ್ಲಿ ಡಾರ್ವಿನ್ನನ ಗೆಳೆಯ, ಜೀವವಿಜ್ಞಾನಿ ಹಕ್ಸ್ಲಿ, ಮದ್ರಾಸಿನ ಗವರ್ನರ್ ಗ್ರಾಂಟ್ ಡಫ್ ಅವರಿಗೆ ಆ ಗವಿಗಳನ್ನು ಅಗೆಸಬೇಕೆಂದು ಒತ್ತಾಯಿಸಿದರು. ಕೆಲಸ ಬಂದದ್ದು ಫೂಟ್ ಅವರ ಪಾಲಿಗೆ.

1884ರಲ್ಲಿ ಅವರು ಅಗೆತ ಶುರುಮಾಡಿದರು. ಸ್ವಲ್ಪ ಕಾಲದ ನಂತರ ಅವರ ಮಗ, ಸೈನ್ಯದಲ್ಲಿ ಲೆಫ್ಟಿನೆಂಟ್ ಆಗಿದ್ದ ಹೆನ್ರಿ, ಕೆಲಸ ಮುಂದುವರಿಸಿದರು. ಅಪ್ಪ ಮಗ ಗವಿಯ ಒಂದೊಂದು ಭಾಗಕ್ಕೂ ಇಂಗ್ಲಿಷ್ ಹೆಸರು ಇಟ್ಟುಕೊಂಡಿದ್ದರು: ಒಂದು ಕೆಥೆಡ್ರಲ್, ಇನ್ನೊಂದು ಚಾರ್ನೆಲ್ ಹೌಸ್ ಎಂದರೆ ಎಲುಬಿನ ಕೋಣೆ, ಮತ್ತೊಂದು ಪರ್ಗಟರಿ. ಗವಿಯ ನೆಲ ಎಂದರೆ ಸಾವಿರಾರು ವರ್ಷ ಪದರ ಪದರವಾಗಿ ಕೂತ ಮಣ್ಣು. ಮೇಲಿನದು ಹೊಸದು, ಕೆಳಗಿನದು ಹಳೆಯದು.

ಗವಿಯಲ್ಲಿ ಇಲಿಯ ಎಲುಬು ಎಲ್ಲಿಂದ ಬರುತ್ತದೆ? ಹೆಚ್ಚಿನ ಪಾಲು ಗೂಬೆಯ ಕೃಪೆ. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಕರಗದ ಎಲುಬು ಕೂದಲನ್ನು ಉಂಡೆ ಕಟ್ಟಿ ವಾಪಸ್ ಕಕ್ಕುತ್ತದೆ. ಗೂಬೆ ಕೂರುವ ಜಾಗದ ಕೆಳಗೆ ತಲೆಮಾರುಗಟ್ಟಲೆ ಉಂಡೆಗಳು ಬಿದ್ದು ಸುತ್ತಲಿನ ಹೊಲ ಕಾಡುಗಳ ಇಲಿಗಳ ಪಟ್ಟಿಯೇ ಅಲ್ಲಿ ತಯಾರಾಗುತ್ತದೆ. ಬಾವಲಿಗಳು ಗವಿಯಲ್ಲೇ ಸಾಯುತ್ತವೆ. ಮುಳ್ಳುಹಂದಿ ಹೊರಗಿನಿಂದ ಎಲುಬು ಎಳೆದು ತಂದು ಕಡಿಯುತ್ತದೆ. ದೊಡ್ಡ ದಂತ, ದೊಡ್ಡ ಕೊಂಬು ಹುಡುಕುವ ಕಾಲದಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಹಲ್ಲುಗಳನ್ನೂ ಆರಿಸಿ ಇಡುವುದು ಎಲ್ಲರೂ ಮಾಡುತ್ತಿದ್ದ ಕೆಲಸವಾಗಿರಲಿಲ್ಲ.

ಎಲುಬುಗಳನ್ನು ಓದಿದವರು ರಿಚರ್ಡ್ ಲಿಡೆಕ್ಕರ್. 1886ರಲ್ಲಿ ಕರ್ನೂಲು ಗವಿಗಳ ಪ್ರಾಣಿಗಳ ಬಗ್ಗೆ ಅವರ ಗ್ರಂಥ ಬಂತು. ಅದರಲ್ಲಿ ಘೇಂಡಾಮೃಗವಿದೆ, ಈಗ ಇಲ್ಲಿ ಇಲ್ಲದ ಒಂದು ಬಗೆಯ ಕುಚ್ಚುಬಾಲದ ಮುಳ್ಳುಹಂದಿಯಿದೆ. ಜೊತೆಗೆ ಹೆಗ್ಗಣ, ಜರ್ಬಿಲ್ ಎಂಬ ಜಿಗಿದೋಡುವ ಹೊಲದ ಇಲಿ, ಮೊಲ, ಬಾವಲಿ. ಮಧ್ಯದಲ್ಲಿ ಗೊಲುಂಡಾ, ಮೆಟ್ಟಾಡಾ ಎಂಬ ಎರಡು ಹೆಸರುಗಳಿವೆ.

ಈ ಎರಡು ಹೆಸರು ಲ್ಯಾಟಿನ್ ಅಲ್ಲ, ನಮ್ಮ ಸೀಮೆಯವು. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 1839ರಲ್ಲಿ ಈ ಭಾಗದ ಸಸ್ತನಿಗಳ ಪಟ್ಟಿಯೊಂದನ್ನು ಪ್ರಕಟಿಸಿದರು. 1824ರಲ್ಲಿ ಕಿತ್ತೂರಿನಲ್ಲಿ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರು ಸೆರೆಹಿಡಿದ ಇಬ್ಬರು ಅಧಿಕಾರಿಗಳಲ್ಲಿ ಒಬ್ಬರು ಇದೇ ಎಲಿಯಟ್. ಪೊದೆ, ಬೇಲಿಗಳಲ್ಲಿರುವ ಒರಟು ಕೂದಲಿನ ಇಲಿಯನ್ನು ಕನ್ನಡಿಗರು ಗುಲಂಡಿ ಎನ್ನುತ್ತಿದ್ದರು. ಎರೆಹೊಲದ ಬಿರುಕಿನಲ್ಲಿರುವ ಮೆತ್ತನೆ ಕೂದಲಿನ ಇಲಿಗೆ, ಬಿಲ ಅಗೆಯುವುದರಲ್ಲಿ ಪಳಗಿದ್ದ ವಡ್ಡರು ಮೆಟ್ಟಾಡೆ ಎನ್ನುತ್ತಿದ್ದರು. ಗೊಲುಂಡಾ ಎಲಿಯಟಿ ಎಂದೂ, ಎಲ್ಲೋ ಒಂದು ಅಕ್ಷರ ಜಾರಿ ಮಿಲಾರ್ಡಿಯಾ ಮೆಲ್ಟಾಡಾ ಎಂದೂ ಇವತ್ತಿಗೂ ಆ ಹೆಸರುಗಳು ಲೋಕದ ಎಲ್ಲ ಪುಸ್ತಕಗಳಲ್ಲಿವೆ. ನಮ್ಮ ಹೊಲದಲ್ಲಿ ಓಡುವ ಇಲಿಯೇ ಹಿಮಯುಗದ ಪದರದಲ್ಲೂ ಇತ್ತು ಎಂಬುದನ್ನು ನೆನಪಿಡಿ. ಮುಂದಿನ ಮಾತಿಗೆ ಅದೇ ಆಧಾರ.

ಫೂಟ್ ತಪ್ಪಿದ ಕಡೆಯೂ ಉಂಟು. ಗವಿಯಲ್ಲಿ ಸಿಕ್ಕ ಕೆಲವು ಎಲುಬುಗಳನ್ನು ಮನುಷ್ಯ ಕೆತ್ತಿದ ಉಪಕರಣ ಎಂದು ಅವರು ನಂಬಿದರು. ಅವುಗಳಲ್ಲಿ ಎಷ್ಟು ಮನುಷ್ಯನ ಕೆಲಸ, ಎಷ್ಟು ಮುಳ್ಳುಹಂದಿಯ ಹಲ್ಲಿನ ಕೆಲಸ ಎಂಬ ಚರ್ಚೆ ಆಮೇಲೆ ನಡೆಯಿತು. ಹಳೆ ಶಿಲಾಯುಗಕ್ಕೂ ಹೊಸ ಶಿಲಾಯುಗಕ್ಕೂ ನಡುವೆ ಈ ನಾಡಿನಲ್ಲಿ ಬಹುಕಾಲ ಜನರೇ ಇರಲಿಲ್ಲ ಎಂಬ ಅವರ ವಾದವಂತೂ ನಿಲ್ಲಲಿಲ್ಲ. ಆ ನಡುವಿನ ಕಾಲದ ಸಣ್ಣ ಸಣ್ಣ ಕಲ್ಲಿನ ಅಲಗುಗಳು ಕರ್ನೂಲು ಸೀಮೆಯ ಜ್ವಾಲಾಪುರದಲ್ಲೇ ಸಿಕ್ಕಿವೆ, ಸುಮಾರು 35 ಸಾವಿರ ವರ್ಷದಷ್ಟು ಹಳೆಯವು.

ಇಲ್ಲಿ ಬಂದದ್ದು ಹಿಮವಲ್ಲ, ಬರ

ಫೂಟ್ ಕಾಲದಲ್ಲಿ ಹಿಮಯುಗ ಬಿಸಿ ಚರ್ಚೆಯ ವಿಷಯ. ಅವರ ಇಲಾಖೆಯವರೇ ಆದ ವಿಲಿಯಂ ಬ್ಲಾನ್‌ಫರ್ಡ್ 1856ರಲ್ಲಿ ಒಡಿಶಾದ ತಾಲ್ಚೇರ್‌ನಲ್ಲಿ ಹಿಮ ಹೊತ್ತು ತಂದ ಕಲ್ಲುಗುಂಡುಗಳ ಪದರವನ್ನು ಕಂಡಿದ್ದರು. ಅದು ನಿಜವಾದ ಹಿಮದ ಗುರುತೇ. ಆದರೆ ಅದರ ವಯಸ್ಸು ಸುಮಾರು 30 ಕೋಟಿ ವರ್ಷ. ಆಗ ಭಾರತ ದಕ್ಷಿಣ ಧ್ರುವದ ಹತ್ತಿರವಿತ್ತು, ಸಸ್ತನಿಗಳು ಇನ್ನೂ ಹುಟ್ಟಿರಲಿಲ್ಲ. ಭಾರತದಲ್ಲಿ ಹಿಮಯುಗದ ಕುರುಹು ಎಂದು ಕಳಿಸುವ ಫೋಟೊಗಳಲ್ಲಿ ಈ ಎರಡು ಕಾಲಗಳನ್ನು ಕಲಸಿಬಿಡುತ್ತಾರೆ.

ಇತ್ತೀಚಿನ ಹಿಮಯುಗ ಸುಮಾರು 20 ಸಾವಿರ ವರ್ಷದ ಹಿಂದೆ ತುತ್ತತುದಿಗೆ ಮುಟ್ಟಿತ್ತು. ಉತ್ತರ ಯುರೋಪ್, ಕೆನಡಾ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಹಿಮ. ಹಿಮಾಲಯದ ಹಿಮನದಿಗಳು ಈಗಿನದಕ್ಕಿಂತ ಕೆಳಗಿನವರೆಗೆ ಇಳಿದಿದ್ದವು. ದಖ್ಖನ್ನಿನ ಮೇಲೆ ಹಿಮ ಇರಲಿಲ್ಲ. ನೀರೆಲ್ಲ ಹಿಮವಾಗಿ ಕಟ್ಟಿಹೋದ್ದರಿಂದ ಸಮುದ್ರ ಸುಮಾರು 120 ಮೀಟರ್ ಕೆಳಗಿಳಿದು, ಶ್ರೀಲಂಕಾ ಭಾರತಕ್ಕೆ ಅಂಟಿಕೊಂಡಿತ್ತು. ತಣ್ಣಗಾದ ಸಮುದ್ರದಿಂದ ಏಳುವ ಮೋಡ ಕಡಿಮೆ, ಮುಂಗಾರು ಬಲಹೀನ. ನೀಲಗಿರಿಯ ಜೌಗುನೆಲದ ಮಣ್ಣನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಕುಮಾರ್ ಮತ್ತು ಜೊತೆಯವರು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನವೂ ಆ ಹೊತ್ತಿಗೆ ಅಲ್ಲಿ ಒಣ ಹವೆ, ಒಣಹವೆಯ ಹುಲ್ಲು ಹೆಚ್ಚಿತ್ತೆಂದು ತೋರಿಸಿತು. ನೀಲಗಿರಿಯೇ ಒಣಗಿತ್ತು ಎಂದ ಮೇಲೆ ರಾಯಚೂರಿನ ಬಿಸಿಲುನಾಡಿನ ಪಾಡನ್ನು ನೀವೇ ಊಹಿಸಿಕೊಳ್ಳಿ.

ಹಿಮಯುಗದ ಚಳಿಯಲ್ಲಿ ಹಿಮಾಲಯದ ಪ್ರಾಣಿಗಳು ದಕ್ಷಿಣಕ್ಕೆ ಹಬ್ಬಿದವು, ಬಿಸಿಲು ಮರಳಿದಾಗ ಬಯಲಿನವು ಅಳಿದು ಬೆಟ್ಟದ ತುದಿಯವು ಮಾತ್ರ ಉಳಿದವು ಎಂಬುದು ಬ್ಲಾನ್‌ಫರ್ಡ್ ಅವರ ಊಹೆ. ಪ್ರಾಣಿಗಳು ಎಲ್ಲಿವೆ ಎಂದು ನೋಡಿ ಹಿಂದೆ ಏನಾಯಿತು ಎಂದು ಹೇಳುವ ಲೆಕ್ಕ ಅದು. ಅದನ್ನು ತಾಳೆ ನೋಡಲು ಎರಡು ಸಾಕ್ಷಿ ಬೇಕು: ಪದರದಲ್ಲಿ ಕೂತ ಎಲುಬು, ಇಲ್ಲವೇ ಬದುಕಿರುವ ಪ್ರಾಣಿಯ ಡಿಎನ್ಎ. ಎಲುಬನ್ನು ಫೂಟ್ ಕೊಟ್ಟಿದ್ದರು. ಡಿಎನ್ಎ ಅವರಿಗೆ ಗೊತ್ತಿರಲಿಲ್ಲ. ಮೆಂಡೆಲ್ ಬಟಾಣಿ ಪ್ರಯೋಗಗಳು ಲೋಕದ ಕಣ್ಣಿಗೆ ಬಿದ್ದದ್ದು 1900ರಲ್ಲಿ, ಜೀನ್ ಎಂಬ ಪದ ಹುಟ್ಟಿದ್ದು 1909ರಲ್ಲಿ, ಫೂಟ್ ತೀರಿಕೊಳ್ಳಲು ಮೂರು ವರ್ಷ ಮುಂಚೆ.

ಎಲುಬಿನ ಸಾಕ್ಷಿ ಪೂರ್ತಿ ಮಾತಾಡಿದ್ದು 2014ರಲ್ಲಿ. ಪ್ಯಾಟ್ರಿಕ್ ರಾಬರ್ಟ್ಸ್ ಮತ್ತು ಸಂಗಡಿಗರು ಬಿಲ್ಲ ಸುರ್ಗಂ ಗವಿಗಳ ಪದರಗಳಿಗೆ ಈಗಿನ ವಿಧಾನಗಳಿಂದ ವಯಸ್ಸು ಕಟ್ಟಿ, ಅಲ್ಲಿನ ಪ್ರಾಣಿಗಳ ಲೆಕ್ಕ ಪ್ರಕಟಿಸಿದರು. ಗುರುತು ಸಿಕ್ಕ 21 ಬಗೆಯ ಸಸ್ತನಿಗಳಲ್ಲಿ 20 ಕನಿಷ್ಠ 1 ಲಕ್ಷ ವರ್ಷದಿಂದ, ಹೆಚ್ಚಿನವು 2 ಲಕ್ಷ ವರ್ಷದಿಂದ ಇಂದಿನವರೆಗೂ ಉಪಖಂಡದಲ್ಲಿ ಉಳಿದಿವೆ. ಉಳಿಯದ್ದು ಒಂದೇ, ಥೆರೋಪಿತೆಕಸ್ ಎಂಬ ದೊಡ್ಡ ಕೋತಿ. ಅದರ ನೆಂಟರು ಈಗ ಇಥಿಯೋಪಿಯಾದ ಬೆಟ್ಟಗಳಲ್ಲಿ ಮಾತ್ರ ಇದ್ದಾರೆ. ಅಮೆರಿಕ, ಯುರೋಪ್, ಆಸ್ಟ್ರೇಲಿಯಾಗಳಲ್ಲಿ ಅದೇ ಅವಧಿಯಲ್ಲಿ ಎಷ್ಟೋ ದೊಡ್ಡ ಪ್ರಾಣಿಗಳು ಅಳಿದುಹೋದದ್ದನ್ನು ನೆನೆದರೆ ಇದು ಸಣ್ಣ ಮಾತಲ್ಲ.

ಆದರೆ ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳುತ್ತದೆ, ಫಾರ್ವರ್ಡ್‌ಗಳಲ್ಲಿ ಬಿಟ್ಟುಹೋಗುವುದು ಅದೇ. ಉಳಿದ ಪ್ರಾಣಿಗಳು ಇದ್ದಲ್ಲೇ ಉಳಿಯಲಿಲ್ಲ. ಕೆಲವು ಆ ಜಾಗದಿಂದ ಪೂರ್ತಿ ಕಾಣೆಯಾಗಿ ಬೇರೆಡೆ ಉಳಿದವು. ಒಂದಕ್ಕೊಂದು ದೂರವಿದ್ದ ತುಂಡು ತುಂಡು ನೆಲೆಗಳಲ್ಲಿ ಅವು ಕಷ್ಟಕಾಲ ಕಳೆದವು. ಗೋಕಾಕದ ಘೇಂಡಾಮೃಗದ ಕುಲದವು ಅಸ್ಸಾಮಿನ ಕಡೆ ಉಳಿದಿವೆ, ಗೋಕಾಕದಲ್ಲಿ ಇಲ್ಲ.

ಅಕ್ಕಡಿ ಬೀಜದ ಲೆಕ್ಕ

ಹೀಗೆ ತುಂಡು ನೆಲೆಗಳಲ್ಲಿ ಬದುಕಿದ್ದಕ್ಕೆ ಗುರುತು ವಂಶವಾಹಿಗಳಲ್ಲಿ ಉಳಿಯುತ್ತದೆ. ಹೇಗೆ ಎಂಬುದು ಒಕ್ಕಲುತನದ ಮನೆಯವರಿಗೆ ಸುಲಭವಾಗಿ ಅರ್ಥವಾಗುತ್ತದೆ. ತೊಗರಿ, ಹೆಸರು, ಅಲಸಂದಿ, ಮಡಕಿ, ಎಳ್ಳು ಎಲ್ಲ ಬೆರೆತ ಅಕ್ಕಡಿ ಬೀಜದ ಚೀಲವೊಂದಿದೆ ಎಂದುಕೊಳ್ಳಿ. ಬರ ಬಂತು. ಚೀಲ ಖಾಲಿಯಾಗಿ ಮೂರು ಮನೆಗಳಲ್ಲಿ ಒಂದೊಂದು ಹಿಡಿ ಮಾತ್ರ ಉಳಿಯಿತು. ಒಂದು ಹಿಡಿಯಲ್ಲಿ ಎಳ್ಳು ಬಂದೇ ಇಲ್ಲ, ಇನ್ನೊಂದರಲ್ಲಿ ಅಲಸಂದಿಯೇ ಹೆಚ್ಚು, ಮೂರನೆಯದರಲ್ಲಿ ಮಡಕಿ ಮಾತ್ರ. ಯಾರೂ ಬೇಕೆಂದು ಆರಿಸಿದ್ದಲ್ಲ, ಕೈಗೆ ಸಿಕ್ಕಿದ್ದು. ಮಳೆ ಮರಳಿದ ಮೇಲೆ ಮೂರೂ ಮನೆಯವರು ತಮ್ಮ ತಮ್ಮ ಹಿಡಿಯನ್ನೇ ಬಿತ್ತಿ ಬೆಳೆದರು. ನೂರು ವರ್ಷದ ನಂತರ ಊರ ತುಂಬ ಬೆಳೆ ಇದೆ. ಆದರೂ ಒಂದು ಹೊಲದ ಕಾಳು ನೋಡಿ, ಇದು ಯಾವ ಮನೆಯ ಹಿಡಿಯಿಂದ ಬಂದದ್ದು ಎಂದು ಹೇಳಬಹುದು. ಕಳೆದುಹೋದ ಎಳ್ಳು ಮಾತ್ರ ಆ ಹೊಲಕ್ಕೆ ತಾನಾಗಿ ಮರಳುವುದಿಲ್ಲ.

ಯುರೋಪಿನಲ್ಲಿ ಇದನ್ನು ಚೆನ್ನಾಗಿ ಓದಿದ್ದಾರೆ. ಹೆಜ್‌ಹಾಗ್ ಎಂಬ ಮೈತುಂಬ ಮುಳ್ಳಿರುವ ಪುಟ್ಟ ಪ್ರಾಣಿ ಹಿಮ ಹರಡಿದಾಗ ಸ್ಪೇನ್, ಇಟಲಿ, ಬಾಲ್ಕನ್ ಎಂಬ ದಕ್ಷಿಣದ ಬೆಚ್ಚನೆ ಮೂಲೆಗಳಲ್ಲಿ ಉಳಿಯಿತು. ಹಿಮ ಕರಗಿದ ಮೇಲೆ ಉತ್ತರಕ್ಕೆ ಹಬ್ಬಿತು. ಇವತ್ತಿಗೂ ಅವುಗಳ ಡಿಎನ್ಎ ಬೇರೆ ಬೇರೆ ಪಟ್ಟಿಗಳಾಗಿ ನಕ್ಷೆಯ ಮೇಲೆ ಕಾಣುತ್ತದೆ. ಅಲ್ಲಿನ ಸಾಮಾನ್ಯ ಸುಂಡಿಲಿಯಂತೂ ವರ್ಣತಂತುಗಳ ಜೋಡಣೆಯಲ್ಲಿ 70ಕ್ಕೂ ಹೆಚ್ಚು ಪಂಗಡಗಳಾಗಿ ಒಡೆದಿದೆ. ಇಂಥ ಅಧ್ಯಯನಕ್ಕೆ ಆನೆಗಿಂತ ಇಲಿಯೇ ಮೇಲು. ಇಲಿ ದೂರ ಹೋಗುವುದಿಲ್ಲ, ಒಂದು ಹೊಳೆ ಅಡ್ಡ ಬಂದರೆ ನಿಲ್ಲುತ್ತದೆ. ಆಯಸ್ಸು ಒಂದೆರಡು ವರ್ಷ, ತಲೆಮಾರು ಬೇಗ ಉರುಳುತ್ತದೆ. ಹಾಗಾಗಿ ನೆಲ ತುಂಡಾದಾಗಲೆಲ್ಲ ಅದರ ವಂಶವಾಹಿಯಲ್ಲಿ ಗುರುತು ಬೇಗ ಬೀಳುತ್ತದೆ.

ನಮ್ಮ ಕಡೆಯದೇ ಒಂದು ಉದಾಹರಣೆ. ಮನೆಯ ಗೋಡೆ ಹಿಡಿದು ಕಿಚಿಕಿಚಿ ಎನ್ನುತ್ತ ಓಡುವ ಸುಂಡಿಲಿಗೆ ಬೆಟ್ಟದ ಕಾಡುಗಳಲ್ಲಿ ಕಪ್ಪು ನೆಂಟರಿದ್ದಾರೆ. ಶ್ರೀಲಂಕಾದ ಬೆಟ್ಟದ ಸುಂಡಿಲಿ, ದಕ್ಷಿಣ ಭಾರತದ ಬೆಟ್ಟದ ಸುಂಡಿಲಿ ಎರಡೂ ಒಂದೇ ಎಂದು ಬಹಳ ಕಾಲ ತಿಳಿದಿದ್ದರು. 2008ರಲ್ಲಿ ಪ್ರಕಟವಾದ ಡಿಎನ್ಎ ಹೋಲಿಕೆ ಅವು ಬೇರೆ ಬೇರೆ ಜಾತಿ ಎಂದು ತೋರಿಸಿತು. ಹಿಮಯುಗದಲ್ಲಿ ಎರಡು ನಾಡುಗಳ ನಡುವೆ ನೆಲದ ಹಾದಿ ತೆರೆದಿತ್ತು, ಆದರೂ ಬೆಟ್ಟದ ಸುಂಡಿಲಿಗಳು ಬೆರೆಯಲಿಲ್ಲ. ನಡುವಿನ ಬಯಲು ಒಣಗಿತ್ತು. ತೇವದ ಕಾಡಿಗೆ ಒಗ್ಗಿದ ಪ್ರಾಣಿಗೆ ಒಣ ಬಯಲು ಸಮುದ್ರದಷ್ಟೇ ದೊಡ್ಡ ಅಡ್ಡಿ. ಹಿಮವೇ ಬೀಳದ ನಾಡಿನಲ್ಲಿ ಹಿಮಯುಗ ಮಾಡಿದ ಕೆಲಸ ಇದು.

ಲಿಡೆಕ್ಕರ್ ಹೆಸರೂ ಒಂದು ಸಣ್ಣ ಪ್ರಾಣಿಯಲ್ಲಿ ಉಳಿದಿದೆ. ತುಮಕೂರು ಕಡೆಯ ಒಣಗಾಡು, ಹುಣಸೆ ತೋಪುಗಳಲ್ಲಿ ರಾತ್ರಿ ಓಡಾಡುವ ಕಾಡುಪಾಪಕ್ಕೆ ಲೋರಿಸ್ ಲಿಡೆಕ್ಕೆರಿಯಾನಸ್ ಎಂದು ವೈಜ್ಞಾನಿಕ ಹೆಸರು. ಅದರಲ್ಲೂ ಒಣ ಬಯಲುಸೀಮೆಯದು ಒಂದು ಬಗೆ, ಪಶ್ಚಿಮ ಘಟ್ಟದ ತೇವದ ಕಾಡಿನದು ಇನ್ನೊಂದು ಬಗೆ.

ಈಗ ಎರಡನೇ ಫಾರ್ವರ್ಡ್‌ಗೆ ಬರೋಣ. ಪ್ರಾಣಿಗಳು ಹಿಂದೆ ಉಳಿದವು ಎಂಬುದು ನಿಜ. ಉಳಿದದ್ದು ಸರಿದುಹೋಗಲು ಜಾಗವಿದ್ದುದರಿಂದ, ಬದಲಾವಣೆ ಸಾವಿರಾರು ವರ್ಷ ತೆಗೆದುಕೊಂಡು ಬಂದುದರಿಂದ. ಈಗಿನ ಬಿಸಿ ಏರುತ್ತಿರುವುದು ನೂರು ವರ್ಷದ ಲೆಕ್ಕದಲ್ಲಿ. ಸರಿದುಹೋಗುವ ಜಾಗವೋ? ಸಿಂಧನೂರಿನ ಕಡೆ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಜೋಳ, ಸಜ್ಜೆಯ ಒಣಹೊಲಗಳು ಭತ್ತದ ಗದ್ದೆಗಳಾದವು. ಜನರ ಹೊಟ್ಟೆ ತುಂಬಿತು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಒಣನೆಲದಲ್ಲಿ ಬಿಲ ತೋಡುವ ಜರ್ಬಿಲ್‌ಗೆ ನೀರು ನಿಂತ ಗದ್ದೆಯಲ್ಲಿ ಜಾಗವಿಲ್ಲ. ಬದುವಿನಲ್ಲಿ ಬಿಲ ಮಾಡುವ ಹೆಗ್ಗಣಕ್ಕೆ ಅದೇ ಹಬ್ಬ. ಇಲಿ ಕಾಟ ಹೆಚ್ಚಾಯಿತು ಎಂದು ನಾವು ಅನ್ನುವುದು ಎಷ್ಟೋ ಸಲ ಒಂದೇ ಬಗೆಯ ಇಲಿ ಹೆಚ್ಚಾದದ್ದಕ್ಕೆ. ಒಣಸೀಮೆಯ ಪ್ರಾಣಿಗಳಿಗೆ ಉಳಿದದ್ದು ಬಂಡೆಗುಡ್ಡ, ಕುರುಚಲು. ಅಲ್ಲೂ ಗ್ರಾನೈಟ್ ಕ್ವಾರಿ. ಒಂದು ಗುಡ್ಡದಿಂದ ಇನ್ನೊಂದಕ್ಕೆ ದಾಟಲು ಕಾಲುವೆ, ಹೆದ್ದಾರಿ ಅಡ್ಡ. ಹಿಡಿ ಬೀಜ ಇಟ್ಟುಕೊಂಡ ಮನೆಗಳೇ ಬಿದ್ದುಹೋದರೆ ಮಳೆ ಮರಳಿದಾಗ ಬಿತ್ತುವುದು ಏನನ್ನು?

ಹಾಗಾಗಿ, ಎರಡು ಲಕ್ಷ ವರ್ಷ ಪ್ರಾಣಿಗಳು ಉಳಿದವು ಎಂಬ ಸಂದೇಶ ನಿಮಗೆ ಬಂದರೆ, ಎಲ್ಲಿ ಉಳಿದವು ಎಂದು ಒಂದು ಪ್ರಶ್ನೆ ಸೇರಿಸಿ ಕಳಿಸಿ.

ಫೂಟ್ 1891ರಲ್ಲಿ, 33 ವರ್ಷದ ನೌಕರಿ ಮುಗಿಸಿ ನಿವೃತ್ತರಾದರು. ಸುಮ್ಮನೆ ಕೂರಲಿಲ್ಲ. ಬರೋಡಾ ಸಂಸ್ಥಾನಕ್ಕಾಗಿ ದುಡಿದರು. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥರಾದರು. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಬಗೆಗಿನ ಅವರ ದೊಡ್ಡ ಗ್ರಂಥ ಮರುವರ್ಷ ಬಂತು. ಆಮೇಲೆ ತಮಿಳುನಾಡಿನ ಯೇರ್ಕಾಡ್ ಬೆಟ್ಟದಲ್ಲಿ ನೆಲೆಸಿ, ನಲವತ್ತು ವರ್ಷ ಕೂಡಿಟ್ಟ ಕಲ್ಲು, ಮಡಕೆ ಚೂರು, ಮಣಿಗಳನ್ನು ಎಲ್ಲಿ ಸಿಕ್ಕವು ಎಂಬ ವಿವರದೊಂದಿಗೆ ಜೋಡಿಸತೊಡಗಿದರು. 1904ರಲ್ಲಿ ಆ ಸಂಗ್ರಹ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು.

1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರು ತೀರಿಕೊಂಡರು. ವಯಸ್ಸು 78. ಯೇರ್ಕಾಡ್‌ನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಅವರ ಸ್ಮಾರಕವಿದೆ. ಸಂಗ್ರಹದ ಪಟ್ಟಿ 1914ರಲ್ಲಿ, ಅದರ ಮೇಲಿನ ಟಿಪ್ಪಣಿಗಳು 1916ರಲ್ಲಿ ಅಚ್ಚಾದವು. ಎರಡನ್ನೂ ಅವರು ನೋಡಲಿಲ್ಲ. ಆ ಎರಡು ಪುಸ್ತಕಗಳ ನಡುವೆ, 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಗುಡ್ಡದಲ್ಲಿ ಅಶೋಕನ ಹೆಸರೇ ಇರುವ ಶಾಸನ ಕಂಡರು. ಫೂಟ್ ಅಷ್ಟು ಹೊತ್ತಿಗೆ ಎರಡು ಸಲ ಅದೇ ಮಸ್ಕಿಗೆ ಬಂದು ಹೋಗಿದ್ದರು. ಅಲ್ಲಿ ಅವರು ಆರಿಸಿಕೊಂಡ ಚೂರುಗಳು ಈಗ ಚೆನ್ನೈನ ಎಗ್ಮೋರ್ ವಸ್ತುಸಂಗ್ರಹಾಲಯದ ಫೂಟ್ ಸಂಗ್ರಹದಲ್ಲಿವೆ.